ಮನೆ ಬಿಟ್ಟು ಹೆಣೆದ ಹಿಮ್ಮಡಿ

ನಮ್ಮ ಅತ್ತೆಯವರು ಹೆಣಿಗೆಯ ಒಂದೊಂದು ಕುಣಿಕೆಯನ್ನೂ 'ಮನಿ' ಅನ್ನುತ್ತಾರೆ. ಸೂಜಿಯ ಮೇಲೆ ದಾರ ಸುತ್ತಿ ಕುಣಿಕೆ ಏರಿಸಿದರೆ ಅದು ಮನಿ ಹಾಕೋದು, ಎರಡನ್ನು ಸೇರಿಸಿ ಹೆಣೆದರೆ ಮನಿ ಕೂಡ್ಸೋದು, ಎಲ್ಲ ಮುಗಿಸಿ ದಾರ ಕತ್ತರಿಸಿದರೆ ಮನಿ ಮುಚ್ಚೋದು. ಉಲನ್ ಮಾರುವ ಅಂಗಡಿಯವನು ಅದಕ್ಕೆ ಟಾಕಾ ಅನ್ನುತ್ತಾನೆ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಮಾತ್ರ ಅದು ಮನಿ. ಈ ಮಾತು ಎಲ್ಲಿಂದ ಬಂತು ಎಂದು ಕೇಳಿದರೆ, "ನಮ್ಮವ್ವ ಅಂತಿದ್ಲು, ನಾನೂ ಅಂತೀನಿ, ನೀನೂ ಅನ್ನು" ಎಂದು ಅತ್ತೆ ಮಾತು ಮುಗಿಸಿಬಿಡುತ್ತಾರೆ. ನಾನೂ ಅನ್ನತೊಡಗಿದೆ. ಆ ಒಂದು ಮಾತಿನಿಂದ ನಮ್ಮಪ್ಪ ತನ್ನ ಕಾಲು ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮದುವೆಯಾಗಿ ಬಂದ ಮೊದಲ ವರ್ಷ ಅತ್ತೆ ನನ್ನ ಕೈಗೆ ಸೂಜಿ ಕೊಟ್ಟಾಗ ನಾನು ಮೂತಿ ತಿರುವಿದ್ದೆ. "ಇದೇನ್ ಕಾಶ್ಮೀರ ಏನ್ರಿ ಅತ್ತಿ? ಎಂಟು ತಿಂಗಳು ಬಿಸಲಾಗ ಬೇಯೋ ಊರಾಗ ಸ್ವೆಟರ್ ಯಾರಿಗ್ರಿ?" ಎಂದು ಕೇಳಿದ್ದೆ. ಅವರು ಸಿಟ್ಟಾಗಲಿಲ್ಲ. "ಉಳದ ನಾಕ ತಿಂಗಳು ಎಲ್ಲಿ ಹೋಗ್ತೀ? ನಸುಕಿನ್ಯಾಗ ಹೌದಿನ ನೀರಿಗಿ ಕೈ ಹಾಕಿ ನೋಡಿ ಹೇಳು" ಅಂದರು. ಆ ವರ್ಷ ಮಾರ್ಗಶಿರದಲ್ಲಿ ಹೌದಿನ, ಅಂದರೆ ತೊಟ್ಟಿಯ, ನೀರಿಗೆ ಕೈ ಹಾಕಿದವಳು ಮರುದಿನವೇ ಅವರ ಪಕ್ಕ ಬಂದು ಕುಳಿತೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ನಿಜ, ಆದರೆ ಚಳಿ ನನಗಿಂತ ಜೋರು.

ಮೊದಲು ಹೆಣೆದದ್ದು ಗಂಡನಿಗೆ ಒಂದು ಕಂದು ಸ್ವೆಟರ್. ಮೈ, ತೋಳು ಎಲ್ಲ ಸರಿಯಾಗಿ ಬಂದವು. ಕುತ್ತಿಗೆ ಮಾತ್ರ ತಲೆಗೆ ಹಿಡಿಯಲಿಲ್ಲ. ಅವರು ಅದನ್ನು ಮೂಗಿನವರೆಗೆ ಎಳೆದುಕೊಂಡು, ಅಲ್ಲಿಂದ ಮುಂದೆ ಹೋಗಲಾರದೆ ಹಿಂದಕ್ಕೂ ಬರಲಾರದೆ, ಎರಡೂ ಕೈ ಮೇಲೆತ್ತಿ ಅಂಗಳದಲ್ಲಿ ನಿಂತುಬಿಟ್ಟರು. ಒಳಗಿನಿಂದ ಏನೋ ಕೂಗುತ್ತಿದ್ದರು, ಉಲನ್ನಿನೊಳಗಿಂದ ಒಂದೂ ತಿಳಿಯಲಿಲ್ಲ. ಅತ್ತೆಯೂ ನಾನೂ ಎರಡು ಕಡೆ ನಿಂತು ಎಳೆದು ಬಿಡಿಸಿದೆವು. ಆ ದಾರವನ್ನೇ ಬಿಚ್ಚಿ, ಕುರ್ಚಿಯ ಬೆನ್ನಿಗೆ ಸುತ್ತಿ, ತೊಳೆದು, ಕಲ್ಲು ಕಟ್ಟಿ ಒಣಗಿಸಿ ಮತ್ತೆ ಹೆಣೆದೆ. ಮೂರನೆಯ ಸಲ ಅದು ಸ್ವೆಟರ್ ಆಯಿತು. ಆಮೇಲೆ ಮಗಳಿಗೆ ಹೆಣೆದೆ. ನಾನು ತೋಳು ಮುಗಿಸುವಷ್ಟರಲ್ಲಿ ಅವಳ ಕೈ ಉದ್ದವಾಗಿರುತ್ತಿತ್ತು. ನನಗೆಂದು ಹೆಣೆದುಕೊಂಡದ್ದು ಒಂದೇ, ಹಸಿರಿನದು. ಅದು ನನಗಿಂತ ಎರಡು ಸುತ್ತು ದೊಡ್ಡದಾಗಿದೆ. ಅದನ್ನು ಹಾಕಿಕೊಂಡು ಕುಳಿತರೆ ಯಾರ ಹಂಗೂ ಇಲ್ಲ ಅನ್ನಿಸುತ್ತದೆ.

ಸ್ವೆಟರ್ ಬಂತು, ಕಾಲುಚೀಲ ಬರಲಿಲ್ಲ. ಕಾಲುಚೀಲಕ್ಕೆ ಎರಡೂ ತುದಿ ಚೂಪಾದ ನಾಲ್ಕು ಸೂಜಿ ಬೇಕು. ಅತ್ತೆಯವರ ಹತ್ತಿರ ಇರುವ ನಾಲ್ಕೂ ಸೈಕಲ್ ಗಾಲಿಯ ಕಡ್ಡಿಗಳು, ಮಾವನವರು ಕಲ್ಲಿಗೆ ಉಜ್ಜಿ ನಯ ಮಾಡಿ ಕೊಟ್ಟಿದ್ದು. ಕಣಕಾಲಿನವರೆಗೆ ಸುತ್ತುತ್ತ ಹೆಣೆಯುವುದು ನನಗೂ ಬರುತ್ತಿತ್ತು. ಹಿಮ್ಮಡಿ ಬಂದಾಗ ಸೂಜಿ ಅತ್ತೆಯ ಕೈಗೆ ಹೋಗುತ್ತಿತ್ತು. ಹಿಮ್ಮಡಿಗೆ ಪ್ರತಿ ಸಾಲಿನ ಕೊನೆಯ ಒಂದು ಮನೆಯನ್ನು ಹೆಣೆಯದೆ ಹಾಗೇ ಬಿಟ್ಟು ತಿರುಗಬೇಕು. ಈ ಕಡೆ ಒಂದು, ಆ ಕಡೆ ಒಂದು, ಹೀಗೆ ಬಿಡುತ್ತ ಹೋಗಿ, ನಡುವೆ ಹತ್ತೋ ಹನ್ನೆರಡೋ ಉಳಿದಾಗ, ಬಿಟ್ಟ ಮನೆಗಳನ್ನು ಒಂದೊಂದಾಗಿ ವಾಪಸ್ ತೆಗೆದುಕೊಳ್ಳುತ್ತ ಬರಬೇಕು. ಆಗ ಬಟ್ಟೆ ತಾನಾಗಿ ಗುಂಡಗೆ ಬಾಗುತ್ತದೆ. ಬಿಡುವುದು ನನಗೆ ಸಲೀಸು. ವಾಪಸ್ ತೆಗೆದುಕೊಳ್ಳುವಾಗ ಪ್ರತಿ ಮೂಲೆಯಲ್ಲೂ ಬೆರಳು ತೂರುವಷ್ಟು ತೂತು ಬೀಳುತ್ತಿತ್ತು.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದೆ. ಅಪ್ಪನ ಮನೆ ಹುಮನಾಬಾದಿನಲ್ಲಿ. ಅಣ್ಣ, ಅವನ ಹೆಂಡತಿ ವೈನಿ ಅಲ್ಲಿಯೇ ಇದ್ದಾರೆ. ಹೊಲ ಇರುವುದು ಪಕ್ಕದ ಹುಡಗಿ ಎಂಬ ಊರಲ್ಲಿ. ಅವ್ವ ಹೋದಮೇಲೆ ಅಪ್ಪ ದಿನವೂ ಹೊಲಕ್ಕೆ ಹೋಗಿಬರುವುದನ್ನೇ ಹಿಡಿದುಕೊಂಡಿದ್ದ. ಹೋದ ವರ್ಷ ಅವನ ಪಾದಗಳಲ್ಲಿ ಸ್ಪರ್ಶವೇ ಇಲ್ಲವಾಯಿತು. ತೊಗರಿ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿ, ಕೂಳೆ ಚುಚ್ಚಿ, ಹೆಬ್ಬೆರಳು ಬಾತುಕೊಂಡರೂ ಅವನಿಗೆ ಗೊತ್ತಾಗಿರಲಿಲ್ಲ. ವೈನಿ ನೋಡಿ ಕೂಗಿಕೊಂಡಮೇಲೆ ದವಾಖಾನೆಗೆ ಹೋದರು. ಡಾಕ್ಟರು ಬೆರಳು ಉಳಿಸಿದರು, ಆದರೆ ಖಡಕ್ಕಾಗಿ ಹೇಳಿದರು: ಇನ್ನೊಂದು ಗಾಯ ಹೀಗೆ ಗೊತ್ತಾಗದೆ ಕೀವಾದರೆ ಪಾದವೇ ತೆಗೆಯಬೇಕಾಗುತ್ತದೆ. ಮನೆಯೊಳಗೂ ಬರಿಗಾಲು ಬೇಡ, ಬಿಗಿಯಿಲ್ಲದ ಕಾಲುಚೀಲ ಹಾಕಬೇಕು, ದಿನಾ ಸಂಜೆ ಪಾದ ನೋಡಬೇಕು. ಅಂಗಡಿಯ ಕಾಲುಚೀಲದ ರಬ್ಬರು ಅಪ್ಪನ ಕಾಲಿನ ಮೇಲೆ ಬಳೆಯಂತೆ ಕೊರೆಯುತ್ತಿತ್ತು.

ಇದನ್ನು ಹೇಳಿದ ದಿನವೇ ಅತ್ತೆ ನನ್ನನ್ನು ಕರೆದುಕೊಂಡು ಹೋಗಿ ಮೆತ್ತನೆಯ ಉಲನ್ ತಂದರು. ಹಾಲಿನಂಥ ಬಿಳಿ. ನಾನು ಅಂಗಡಿಯಲ್ಲೇ ಬಾಯಿ ಮಾಡಿದೆ. "ಕಾಲಿಗಿ ಬಿಳೇದು ಯಾರ್ ಹಾಕ್ತಾರ್ರಿ ಅತ್ತಿ? ಎರಡ ದಿನದಾಗ ಮಣ್ಣ ಆಗ್ತದ. ಕಂದು ತಗೋರಿ."

ಅತ್ತೆ ಬಿಳಿಯದನ್ನೇ ಕಟ್ಟಿಸಿಕೊಂಡರು. ಮನೆಗೆ ಬಂದು, ಉಂಡೆ ಸುತ್ತುತ್ತ ಹೇಳಿದರು. "ನಿಮ್ಮ ಮಾವಗ ನಾ ಕಂದು ಹೆಣದ ಹಾಕಿದ್ದೆ. ಮಣ್ಣ ಕಾಣಬಾರದು ಅಂತ. ಮಣ್ಣ ಕಾಣಲಿಲ್ಲ, ರಕ್ತಾನೂ ಕಾಣಲಿಲ್ಲ."

ಮಾವನವರಿಗೆ ಒಂದು ಪಾದ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು, ನಾನು ಸೊಸೆಯಾಗಿ ಬಂದಾಗಲೇ ಅವರು ಕೋಲು ಹಿಡಿದಿದ್ದರು. ಯಾಕೆ ಎಂಬುದು ಆವತ್ತು ಗೊತ್ತಾಯಿತು. ನಾನು ಬಂದಮೇಲೆ ಅವರು ಬದುಕಿದ್ದ ಐದು ವರ್ಷವೂ ಅತ್ತೆ ಚಳಿಗಾಲ ಬಂದಾಗಲೆಲ್ಲ ಒಂದೇ ಕಾಲುಚೀಲ ಹೆಣೆದಿದ್ದರು. ಜೋಡಿಯಲ್ಲ, ಒಂದೇ. ನಾನು ಅಷ್ಟು ವರ್ಷ ಅದನ್ನು ನೋಡಿಯೂ ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಕಂದು ಬಣ್ಣದ ಮಾತು ಮತ್ತೆ ಎತ್ತಲಿಲ್ಲ.

ಅತ್ತೆ ಎಂಟು ದಿನದಲ್ಲಿ ಜೋಡಿ ಮುಗಿಸಿದರು. ಅದನ್ನು ಕಾಗದದಲ್ಲಿ ಸುತ್ತಿ ಬಸ್ಸು ಹತ್ತಿ ಹುಮನಾಬಾದಿಗೆ ಒಯ್ದೆ. ಅಪ್ಪ ಬಿಚ್ಚಿ ನೋಡಿದ, ಹಿಮ್ಮಡಿಯ ಮೇಲೆ ಬೆರಳಾಡಿಸಿದ, ಬಹಳ ಚೆಂದ ಇದೆ ಅಂದ. ಆಮೇಲೆ ಎದ್ದುಹೋಗಿ ದೇವರ ಜಗಲಿಯ ಮೇಲೆ ವಿಭೂತಿಯ ಪಕ್ಕ ಇಟ್ಟು ಕೈಮುಗಿದು ಬಂದ.

"ಅಪ್ಪಾ, ಅದು ಕಾಲಿಗಿ."

"ಬೀಗ್ತ್ಯಾರು ಕೈಯಾರೆ ಮಾಡಿದ್ದು ಕಾಲಾಗ ಹಾಕ್ಕೊಂಡು ತುಳೀಲೇನು? ಮಗಳ ಕೊಟ್ಟ ಮನಿ ಅದು. ಟೊಪಗಿ ಕಳಸಿದ್ರ ತಲಿ ಮ್ಯಾಲ ಇಟ್ಕೋತಿದ್ದೆ."

ನಾನು ಬೈದೆ, ವೈನಿ ಬೇಡಿಕೊಂಡಳು, ಅಣ್ಣ ಡಾಕ್ಟರ ಮಾತು ನೆನಪಿಸಿದ. ಅಪ್ಪ ಹೌದೌದು ಅನ್ನುತ್ತ ಬರಿಗಾಲಲ್ಲೇ ಪಡಸಾಲೆಯಲ್ಲಿ ಓಡಾಡಿದ. ನಮ್ಮ ಕಡೆ ಬೀಗರ ಮರ್ಯಾದೆ ಅಂದರೆ ಸುಮ್ಮನೆ ಮಾತಲ್ಲ. ಬೀಗತಿ ಎದುರಿಗೆ ಬಂದರೆ ಅಪ್ಪ ಇವತ್ತಿಗೂ ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲು ಸರಿ ಮಾಡಿಕೊಂಡು, ನೆಲ ನೋಡುತ್ತ ಮಾತಾಡುತ್ತಾನೆ. ಕೊನೆಗೆ ಅವನೇ ಒಂದು ದಾರಿ ತೋರಿಸಿದ. "ನೀ ಹೆಣದು ಕೊಡು, ಹಾಕ್ಕೋತೀನಿ. ನೀ ಸಣ್ಣಾಕಿ ಇದ್ದಾಗ ನನ್ನ ಎದಿ ಮ್ಯಾಲೇ ಕಾಲಿಟ್ಟು ಓಡಾಡೀದಿ. ನಮ್ಮ ನಡಬರಕ ಮರ್ಯಾದಿ ಮುಗದದ."

ಹಾಗಾಗಿ ಹಿಮ್ಮಡಿ ಬಾರದ ನಾನು ಕಾಲುಚೀಲಕ್ಕೆ ಕುಳಿತೆ. ಬಸವಕಲ್ಯಾಣಕ್ಕೆ ಹೋಗಿ, ಉಳಿದ ಬಿಳಿ ಉಲನ್, ಸೈಕಲ್ ಕಡ್ಡಿ, ನನ್ನ ಎರಡು ಚೀಲ ಬಟ್ಟೆ ತೆಗೆದುಕೊಂಡು ತವರಿಗೆ ಬಂದೆ. ಅಪ್ಪನ ಪಾದದ ಅಳತೆ ನೋಡುತ್ತಲೇ ಹೆಣೆಯಬೇಕಿತ್ತು, ಹೆಣೆಯುವ ತನಕ ಅವನು ಬರಿಗಾಲಲ್ಲಿ ಹೊರಬೀಳದಂತೆ ಕಾಯಲೂ ಬೇಕಿತ್ತು. ಹೊರಡುವಾಗ ಗಂಡನ ಜೊತೆ ಸಣ್ಣದೊಂದು ಜಗಳವೂ ಆಗಿತ್ತು, ಗ್ಯಾಸ್ ಸಿಲಿಂಡರಿನ ವಿಷಯಕ್ಕೆ. ಅದನ್ನು ಬಂದ ಕೂಡಲೇ ವೈನಿಯ ಮುಂದೆ ಜೋರಾಗಿ ಹೇಳಿಕೊಂಡೂ ಇದ್ದೆ. ಅಪ್ಪ ಪಡಸಾಲೆಯಲ್ಲಿ ಕುಳಿತು ಕೇಳಿಸಿಕೊಂಡಿದ್ದ.

ಒಂಬತ್ತನೆಯ ದಿನ ಹಿಮ್ಮಡಿಗೆ ಬಂದೆ. ಮಧ್ಯಾಹ್ನ, ತೊಗರಿ ಚೀಲ ತುಂಬಿಟ್ಟ ಮೇಲಿನ ಖೋಲಿಯ ಮೆಟ್ಟಿಲ ಮೇಲೆ ಕುಳಿತು ಅತ್ತೆಗೆ ಫೋನ್ ಹಚ್ಚಿದೆ. ಅವರಿಗೆ ಕಿವಿ ಮಂದ, ಕೂಗಿಯೇ ಹೇಳಬೇಕು. ನಾನು ಕೂಗಿದ್ದು ಇಷ್ಟು, ನನಗೆ ಚೆನ್ನಾಗಿ ನೆನಪಿದೆ.

"ಹೌದ್ರೀ ಅತ್ತಿ, ನೀವ ಬಿಡು ಅಂದ್ರಿ, ನಾ ಮನಿ ಬಿಟ್ಟೇನಿ! … ಏನ್ರಿ? ವಾಪಸ್? ವಾಪಸ್ ಹ್ಯಾಂಗ್ರಿ? ನನ್ನಿಂದ ಆಗಂಗಿಲ್ರಿ! … ಇಲ್ರಿ, ಸಾಕಾಗೇದ. ಹಿಂಗ ಹರಕೊಂಡಿದ್ದು ಮತ್ತ ಕೂಡಾಂಗಿಲ್ಲ. ಇನ್ನ ಎಲ್ಲಾ ಬಿಚ್ಚಿ ಒಗದ್ಬಿಡ್ತೀನಿ!"

ಫೋನ್ ಇಟ್ಟು ತಿರುಗಿ ನೋಡಿದರೆ ಅಪ್ಪ ಮೆಟ್ಟಿಲ ಕೆಳಗೆ ನಿಂತಿದ್ದ. ಕೈಯಲ್ಲಿ ನೀರಿನ ತಂಬಿಗೆ ಇತ್ತು. ಏನಾದರೂ ಬೇಕಾ ಅಂದೆ. ಏನಿಲ್ಲ ಅಂದ. ಸಂಜೆ ಊಟಕ್ಕೆ ಕುಳಿತಾಗ ನನ್ನ ತಟ್ಟೆಗೆ ತಾನೇ ತುಪ್ಪ ಹಾಕಿದ. ನಾನು ಹಿಮ್ಮಡಿಯ ಚಿಂತೆಯಲ್ಲಿದ್ದೆ, ರೊಟ್ಟಿ ಮುರಿದುಕೊಂಡು ತಿಂದೆ.

ಎರಡನೆಯ ದಿನ ಸಂಜೆ ಪಾದ ನೋಡಲು ಹೋದರೆ, ದಣಿದಿದ್ದೀನಿ, ನಾಳೆ ನೋಡು ಎಂದು ಅಪ್ಪ ಮಲಗಿಬಿಟ್ಟ. ಮೂರನೆಯ ದಿನ ಮುಂಜಾನೆ ನಾನು ನೀರು ಕಾಯಿಸುತ್ತಿದ್ದಾಗ ಹುಡಗಿಯ ಹೊಲಕ್ಕೆ ಹೋಗಿಬರುತ್ತೇನೆ ಎಂದು ಹೊರಟ. ಚಪ್ಪಲಿ ಹಾಕಿಕೋ ಎಂದು ಕೂಗಿದೆ, ಹಾಕಿದ್ದೀನಿ ಎಂದ. ಮಧ್ಯಾಹ್ನ ಅತ್ತೆಯವರ ಫೋನ್ ಬಂತು.

"ನಿಮ್ಮಪ್ಪ ಇಲ್ಲೇ ಅದಾರ. ಗಡಿಬಿಡಿ ಮಾಡ್ಕೋಬ್ಯಾಡ. ಕಾಲಿಗಿ ಜರಾ ಪೆಟ್ಟಾಗೇದ, ಡಾಕ್ಟರಿಗಿ ತೋರ್ಸೇವಿ. ಬಾ."

ನಾನು ಅಣ್ಣನ ಗಾಡಿಯ ಹಿಂದೆ ಕುಳಿತು ಹೋದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಮಾವನವರ ಕೋಲೇ ಬರುತ್ತಿತ್ತು. ಮನೆ ಮುಟ್ಟಿದರೆ ಹೊಸ್ತಿಲಿನಿಂದ ಪಡಸಾಲೆಯವರೆಗೆ ಫರಸಿ ಕಲ್ಲು ಈಗಷ್ಟೇ ತೊಳೆದು ಒದ್ದೆಯಾಗಿತ್ತು. ಅಪ್ಪ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದ. ಬಲಗಾಲಿಗೆ ದಪ್ಪ ಪಟ್ಟಿ ಕಟ್ಟಿತ್ತು. ಆ ಪಟ್ಟಿಯ ಮೇಲೂ ಎಡಗಾಲಿಗೂ ಅತ್ತೆ ಹೆಣೆದ ಬಿಳಿ ಕಾಲುಚೀಲ. ನನ್ನನ್ನು ನೋಡಿ ಕಳ್ಳ ಸಿಕ್ಕಿಬಿದ್ದಂತೆ ನಕ್ಕ.

ನಡೆದದ್ದನ್ನು ಅತ್ತೆ ಹೇಳಿದರು. ಅಪ್ಪ ಸೋಲಾಪುರದ ಬಸ್ಸು ಹತ್ತಿ ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ಇಳಿದು, ಟಂಟಂ ಆಟೋ ತುಂಬುವ ತನಕ ಕಾಯಲಾರದೆ ಊರವರೆಗೆ ನಡೆದೇ ಬಂದಿದ್ದ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಕಲ್ಲಿನ ಮೇಲೆ ಅವನ ಬಲಗಾಲು ಊರಿದಲ್ಲೆಲ್ಲ ಕೆಂಪು ಅಚ್ಚು. ಅವನು ಅದನ್ನು ನೋಡಿರಲೇ ಇಲ್ಲ. ಕುಳಿತುಕೊಳ್ಳದೆ, ನೆಲ ನೋಡುತ್ತ, ನನ್ನ ಮಗಳು ಮನಿ ಬಿಟ್ಟಾಳ ಅಂದ. ಅತ್ತೆ ಮೊದಲು ನೋಡಿದ್ದು ಆ ಕಾಲನ್ನು. ನೀರು ತಂದು ತೊಳೆಯಲು ಹೋದರೆ ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡನಂತೆ. ಬೀಗತಿ ಕಾಲು ಮುಟ್ಟುವುದುಂಟೇ? ಆಗ ಅತ್ತೆ ಜೋರು ಮಾಡಿದರಂತೆ.

"ಅಣ್ಣಾರ, ನಾ ಒಂದು ಕಾಲು ಮರ್ಯಾದಿ ನೋಡ್ಕೋತ ಕಳಕೊಂಡೀನಿ. ಡಾಕ್ಟರಿಗಿ ತೋರ್ಸೋಣು ಅಂದ್ರ, ಮಂದಿ ಏನಂತಾರ ಅಂತ ಅವ್ರೂ ಸುಮ್ನಿದ್ರು, ನಾನೂ ಸುಮ್ನಿದ್ದೆ. ಇನ್ನೊಂದು ಕಾಲು ಕಳಕೊಳ್ಳಾಂಗಿಲ್ಲ. ಕೊಡ್ರಿ ಇಲ್ಲಿ."

ಅಪ್ಪ ಕಾಲು ಕೊಟ್ಟ. ಡಾಕ್ಟರು ಬಂದು ಪಾದದೊಳಗಿನಿಂದ ತುಕ್ಕು ಹಿಡಿದ ಒಂದು ಸಣ್ಣ ಮೊಳೆ ತೆಗೆದರು. ಇನ್ನೂ ಎರಡು ದಿನ ಬಿಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದರಂತೆ. ಪಟ್ಟಿ ಕಟ್ಟಿದಮೇಲೆ ಅತ್ತೆ ಮನಿ ಅಂದರೆ ಏನು, ಬಿಡುವುದು ಅಂದರೆ ಏನು ಎಂದು ಒಂದು ಅರೆಬರೆ ಸ್ವೆಟರ್ ತಂದು ತೋರಿಸಿದರು. ಅಪ್ಪ ಬಹಳ ಹೊತ್ತು ಆ ಸೂಜಿಯನ್ನೇ ನೋಡಿ, ಇಷ್ಟ ಏನ್ರಿ ಅಂದನಂತೆ. ಆಮೇಲೆ ಕಾಣದಂತೆ ಕಣ್ಣೊರೆಸಿಕೊಂಡು, ಜಗಲಿಯಿಂದ ತೆಗೆದು ಜೊತೆಗೆ ತಂದಿದ್ದ ಕಾಲುಚೀಲವನ್ನು ತಾನೇ ಹಾಕಿಕೊಂಡ.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಅಪ್ಪ ನಮ್ಮ ಮನೆಯಲ್ಲೇ ಇದ್ದ. ಡಾಕ್ಟರ ಮನೆ ಹತ್ತಿರ, ಅತ್ತೆಯ ಕಣ್ಣು ಇನ್ನೂ ಹತ್ತಿರ. ದಿನಾ ಸಂಜೆ ಕಾಲುಚೀಲ ತೆಗೆದು ಬೆಳಕಿಗೆ ಹಿಡಿದು, "ಬೆಳ್ಳಗ ಅದಾವ ನೋಡ್ರಿ ಅಕ್ಕಾರ" ಅನ್ನುತ್ತಿದ್ದ. ಅತ್ತೆ ಕನ್ನಡಕ ಏರಿಸಿಕೊಂಡು ತಿರುವಿ ತಿರುವಿ ನೋಡಿ, ಹ್ಞೂಂ ಅಂದಮೇಲೆಯೇ ಚಹಾ. ನನ್ನ ಹಿಮ್ಮಡಿಯೂ ಆ ಎರಡು ತಿಂಗಳಲ್ಲಿ ಬಂತು. ಒಂದರಲ್ಲಿ ತೂತು ಉಳಿದಿದೆ, ಇನ್ನೊಂದರಲ್ಲಿ ಇಲ್ಲ. ಅಪ್ಪ ಅದನ್ನೂ ಹಾಕಿಕೊಳ್ಳುತ್ತಾನೆ. ತೂತಿನಿಂದ ಗಾಳಿ ಚೆನ್ನಾಗಿ ಬರುತ್ತದೆ ಎಂದು ಅತ್ತೆಯ ಮುಂದೆ ಚೇಷ್ಟೆ ಮಾಡುತ್ತಾನೆ. ಈಗ ನೆಲ ನೋಡಿ ಮಾತಾಡುವುದು ಸ್ವಲ್ಪ ಕಡಿಮೆಯಾಗಿದೆ.

ನಾನೂ ಅವನನ್ನು ಬಿಡಲಿಲ್ಲ. ಮನೆಗೆ ಬಂದವರ ಮುಂದೆಲ್ಲ ಹೇಳಿ ನಗಾಡಿದೆ. ಮಗಳನ್ನು ಮತ್ತೆ ಮನೆಗೆ ಸೇರಿಸಿಕೊಳ್ಳಿ ಎಂದು ಬೀಗರ ಕೈಕಾಲು ಹಿಡಿಯಲು ಓಡಿಕೊಂಡು ಬಂದನೆಂದೂ, ನನ್ನ ಬುದ್ಧಿಯ ಮೇಲೆ ಅಷ್ಟೇ ನಂಬಿಕೆ ಇರುವುದೆಂದೂ. ಒಮ್ಮೆ ನಗು ಬಿಟ್ಟು ನಿಜವಾಗಿಯೇ ಸಿಟ್ಟಿನಿಂದ ಕೇಳಿದ್ದೆ: ನನ್ನನ್ನೇ ಒಂದು ಮಾತು ಕೇಳಬಾರದಿತ್ತೇ? ನನ್ನ ಪರವಾಗಿ ಬೇಡಿಕೊಳ್ಳಲು ನಿನಗೆ ಹೇಳಿದವರು ಯಾರು? ಅಪ್ಪ ಬಗ್ಗಿ ಕಾಲುಚೀಲ ಎಳೆದು ಸರಿ ಮಾಡಿಕೊಂಡ. ಹಬ್ಬ ಮುಗಿಸಿಕೊಂಡು ಹುಮನಾಬಾದಿಗೆ ಹೋದ.

ಅವನು ಹೋದ ವಾರ ಅತ್ತೆಯೂ ನಾನೂ ಉಂಡೆ ಸುತ್ತುತ್ತ ಕುಳಿತಿದ್ದೆವು. ನಾನು ಮತ್ತೆ ಅದೇ ಕಥೆ ತೆಗೆದೆ. ಅತ್ತೆ ದಾರ ನಿಲ್ಲಿಸಿದರು.

"ಸಾಕು ಮಾಡವಾ. ಅವ್ರು ಬೇಡ್ಕೊಳ್ಳಾಕ ಬಂದಿದ್ದಿಲ್ಲ."

"ಮತ್ತ ಯಾಕ ಬಂದಿದ್ರು?"

"ನಿನ್ನ ಬಟ್ಟಿ ಅರಿವಿ ಒಯ್ಯಾಕ. ಒಂದು ಖಾಲಿ ಚೀಲ ತಂದಿದ್ರು. ಆಕಿ ಯಾಕ ಬಿಟ್ಟಾಳ ನಾ ಕೇಳಾಂಗಿಲ್ಲ ಅಕ್ಕಾರ, ನಿಮ್ಮನ್ನೂ ಕೇಳಾಂಗಿಲ್ಲ, ಆಕಿ ಸಾಮಾನ ಕಟ್ಟಿ ಕೊಡ್ರಿ ಅಂದ್ರು. ಮಗಳಿಗಿ ಹೇಳಬ್ಯಾಡ್ರಿ, ನಕ್ಕು ಸಾಯ್ತಾಳ ಅಂತ ಆಮ್ಯಾಲ ಆಣಿ ಹಾಕಿಸ್ಕೊಂಡಾರ."

ಮದುವೆಯ ದಿನ ಇನ್ನು ಅದೇ ನಿನ್ನ ಮನೆ ಎಂದು ಹೇಳಿ ಕಳಿಸಿದ ಮನುಷ್ಯ ಇವನೇ.

"ಮತ್ತ ಆ ಮೊಳಿ ದಾರ್ಯಾಗ ಚುಚ್ಚಿದ್ದಲ್ಲ" ಅಂದರು ಅತ್ತೆ. ಉಂಡೆಯನ್ನು ಮತ್ತೆ ಸುತ್ತತೊಡಗಿದ್ದರು. "ಹಿಂದಿನ ದಿನ, ನೀ ಬಜಾರಕ್ಕ ಹೋದಾಗ, ಹುಮನಾಬಾದಿನ ಮನ್ಯಾಗ ಮ್ಯಾಲಿನ ಖೋಲಿ ನಿನಗಂತ ಖಾಲಿ ಮಾಡ್ಯಾರ. ತೊಗರಿ ಚೀಲಾ ಎಲ್ಲಾ ತಾವ ಇಳಿಸ್ಯಾರ. ಅಲ್ಲಿ ಹಳೇ ಮಂಚ ಒಂದು ಇತ್ತಂತಲ್ಲ, ಅದರ ಮೊಳಿ. ಬರಿಗಾಲಾಗ ನಿಂತು ಒಬ್ಬರೇ ಎಳದು ಕಿಟಕಿ ಕಡಿಗಿ ಹಾಕ್ಯಾರ. ಆಕಿಗಿ ಹೆಣೀಲಾಕ ಬೆಳಕ ಬೇಕಾಗ್ತದ ಅಂತ."